ಮನೆಯ ಸಿಡಿಗಳಿಗೆ ಒಂದು ಒಳ್ಳೆ ಸೆಟ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು

ಸಿಡಿ ಕೇಳಲು ಏನು ಕೊಳ್ಳಲಿ ಅಂತ ಕೇಳುವವರು ಹೆಚ್ಚಾಗಿ ಪ್ಲೇಯರ್ ಬಗ್ಗೆಯೇ ಕೇಳುತ್ತಾರೆ. ಯಾವ ಕಂಪನಿ, ಯಾವ ಮಾಡೆಲ್, ಒಳಗಿನ ಚಿಪ್ ಯಾವುದು ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ನಿಮ್ಮ ಹತ್ತಿರ ಇರುವ ಸಿಡಿಗಳು ಎಂಥವು ಅಂತ ನೋಡಿ, ಆಮೇಲೆ ಕೋಣೆ, ಆಮೇಲೆ ಸ್ಪೀಕರ್, ಆಮೇಲೆ ಆಂಪ್ಲಿಫೈಯರ್, ಕಟ್ಟಕಡೆಗೆ ಪ್ಲೇಯರ್. ದುಡ್ಡು ಕೂಡ ಸ್ಪೀಕರ್‌ಗೆ ಜಾಸ್ತಿ, ಪ್ಲೇಯರ್‌ಗೆ ಕಡಿಮೆ.

ಯಾಕೆ ಅಂದರೆ, ಸಿಡಿಯಲ್ಲಿರುವುದು ಬರೀ ಅಂಕಿಗಳು. ಸೆಕೆಂಡಿಗೆ 44,100 ಸಲ ಅಳೆದ ಸದ್ದು, ಒಂದೊಂದು ಅಳತೆಗೂ 16 ಬಿಟ್, ಎಡ ಸ್ಪೀಕರಿಗೊಂದು ಬಲ ಸ್ಪೀಕರಿಗೊಂದು. ಸೋನಿ ಮತ್ತು ಫಿಲಿಪ್ಸ್ ಸೇರಿ ಈ ಲೆಕ್ಕ ಗೊತ್ತು ಮಾಡಿದವು, 1982ರಲ್ಲಿ ಜಪಾನಿನಲ್ಲಿ ಮೊದಲ ಪ್ಲೇಯರ್ ಮಾರಾಟಕ್ಕೆ ಬಂತು, ಅಲ್ಲಿಂದ ಇಲ್ಲಿಯವರೆಗೆ ಆಡಿಯೋ ಸಿಡಿಯ ಲೆಕ್ಕ ಬದಲಾಗಿಲ್ಲ. ಆ ಅಂಕಿಗಳನ್ನು ಓದಿ ಕರೆಂಟಿನ ಏರಿಳಿತವಾಗಿ ಮಾಡುವ ಕೆಲಸವನ್ನು ಇವತ್ತು ಸಾಧಾರಣ ಬೆಲೆಯ ಯಂತ್ರವೂ ಚೆನ್ನಾಗಿಯೇ ಮಾಡುತ್ತದೆ. ಆದರೆ ಆ ಏರಿಳಿತವನ್ನು ಕೋಣೆಯ ಗಾಳಿಯಲ್ಲಿ ಸದ್ದಾಗಿ ಮಾಡುವುದಿದೆಯಲ್ಲ, ಅಲ್ಲಿ ಸಾಧಾರಣಕ್ಕೂ ಒಳ್ಳೆಯದಕ್ಕೂ ಅಜಗಜಾಂತರ.

ಹಂತ 1: ಸಿಡಿಗಳನ್ನು ಹೊರತೆಗೆದು ವಿಂಗಡಿಸಿ

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸಿಡಿ ಅಂತ ಒಂದೇ ಡಬ್ಬಕ್ಕೆ ತುಂಬಿಟ್ಟಿರುವುದು ನಾಲ್ಕು ಬೇರೆ ಬೇರೆ ಸಾಮಾನು. ನೋಡಲು ಎಲ್ಲವೂ 12 ಸೆಂಟಿಮೀಟರ್ ಅಗಲದ ತಟ್ಟೆಗಳೇ.

ಮೊದಲನೆಯದು ಅಸಲಿ ಆಡಿಯೋ ಸಿಡಿ. ಕವರ್ ಮೇಲೆ ಅಥವಾ ತಟ್ಟೆಯ ಮೇಲೆ ‘ಕಾಂಪ್ಯಾಕ್ಟ್ ಡಿಸ್ಕ್ ಡಿಜಿಟಲ್ ಆಡಿಯೋ’ ಅನ್ನುವ ಚಿಹ್ನೆ ಇರುತ್ತದೆ. ಭಾವಗೀತೆಯಾದರೆ ಎಂಟೋ ಹತ್ತೋ ಹಾಡು, ಹಿಂದೂಸ್ತಾನಿಯಾದರೆ ಎರಡೋ ಮೂರೋ ರಾಗ, ಒಟ್ಟು ಹೆಚ್ಚೆಂದರೆ 80 ನಿಮಿಷ. ಇದು ಯಾವ ಸಿಡಿ ಪ್ಲೇಯರ್‌ನಲ್ಲಾದರೂ ಓಡುತ್ತದೆ.

ಎರಡನೆಯದು ಎಂಪಿ3 ಸಿಡಿ. ಒಂದೇ ತಟ್ಟೆಯಲ್ಲಿ 50, 100, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಹಾಡು. ಹಳೆ ಸಿನಿಮಾ ಹಾಡುಗಳು, ದಾಸರ ಪದಗಳು, ತಾಳಮದ್ದಳೆ ಎಲ್ಲ ಒಂದು ಕಾಲಕ್ಕೆ ಬಸ್‌ಸ್ಟ್ಯಾಂಡ್ ಅಂಗಡಿಯಲ್ಲಿ ಹೀಗೇ ಸಿಗುತ್ತಿದ್ದವು. ಇದು ಆಡಿಯೋ ಸಿಡಿ ಅಲ್ಲ, ಕಂಪ್ಯೂಟರ್ ಫೈಲುಗಳನ್ನು ತುಂಬಿದ ತಟ್ಟೆ. 1990ರ ದಶಕದ ಪ್ಲೇಯರ್‌ಗೆ ಹಾಕಿದರೆ ಸುಮ್ನೆ ತಿರುಗುತ್ತದೆ ಅಥವಾ ಡಿಸ್ಕ್ ಇಲ್ಲ ಅನ್ನುತ್ತದೆ. ಪ್ಲೇಯರ್ ಹಾಳಾಗಿದೆ ಅಂತ ಗುಜರಿಗೆ ಹಾಕಬೇಡಿ.

ಮೂರನೆಯದು ವಿಸಿಡಿ. ಯಕ್ಷಗಾನ ಪ್ರಸಂಗ, ಹಾಸ್ಯ ಕಾರ್ಯಕ್ರಮ, ಸಿನಿಮಾ. ಇದಕ್ಕೆ ಡಿವಿಡಿ ಪ್ಲೇಯರೂ ಟಿವಿಯೂ ಬೇಕು.

ನಾಲ್ಕನೆಯದು ಮನೆಯಲ್ಲೋ ಸೈಬರ್ ಕೆಫೆಯಲ್ಲೋ ಬರೆಸಿದ ಸಿಡಿ-ಆರ್. ಹಿಂಭಾಗ ತುಸು ಹಸಿರಾಗಿಯೋ ನೀಲಿಯಾಗಿಯೋ ಕಾಣುತ್ತದೆ, ಮೇಲೆ ಮಾರ್ಕರ್‌ನಲ್ಲಿ ಬರೆದಿರುತ್ತದೆ. ಅಜ್ಜಿ ಹಾಡಿದ ಸಂಪ್ರದಾಯದ ಹಾಡು, ಅಕ್ಕನ ಅರಂಗೇಟ್ರಂ, ಹಳೆ ಕ್ಯಾಸೆಟ್‌ನಿಂದ ಇಳಿಸಿಕೊಂಡ ಕಛೇರಿ ಎಲ್ಲ ಇದರಲ್ಲೇ ಇರುವುದು. ಅಂಗಡಿಯ ಸಿಡಿಯಲ್ಲಿ ಅಂಕಿಗಳನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳಾಗಿ ಅಚ್ಚು ಒತ್ತಿರುತ್ತಾರೆ. ಸಿಡಿ-ಆರ್‌ನಲ್ಲಿ ಬಣ್ಣದ ಪದರವನ್ನು ಲೇಸರ್‌ನಿಂದ ಸುಟ್ಟು ಬರೆದಿರುತ್ತಾರೆ. ಬಿಸಿಲು, ಸೆಕೆ, ತೇವ ತಾಗಿದರೆ ಆ ಬಣ್ಣ ಮಾಸುತ್ತದೆ. ಹಾಗಾಗಿ ಸೆಟ್ ಕೊಳ್ಳುವ ಮಾತು ಆಮೇಲೆ, ಈ ಗುಂಪನ್ನು ಇವತ್ತೇ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ಲ್ಯಾಪ್‌ಟಾಪ್‌ನಲ್ಲಿ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ಸಿಗುತ್ತದೆ. ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನುವ ಉಚಿತ ತಂತ್ರಾಂಶ, ತಪ್ಪು ಬಂದ ಕಡೆ ಮತ್ತೆ ಮತ್ತೆ ಓದಿ ಇಳಿಸುತ್ತದೆ. ಫ್ಲ್ಯಾಕ್ ರೂಪದಲ್ಲಿ ಉಳಿಸಿ. ಗಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಒಂದು ಬಿಟ್ಟೂ ಕಳೆದುಹೋಗುವುದಿಲ್ಲ.

ವಿಂಗಡಿಸಿದ ಮೇಲೆ ರಾಶಿಗಳನ್ನು ನೋಡಿ. ಮುಕ್ಕಾಲು ಪಾಲು ಎಂಪಿ3 ಸಿಡಿಗಳೇ ಆಗಿದ್ದರೆ ದುಬಾರಿ ಸಿಡಿ ಪ್ಲೇಯರ್ ಆಸೆ ಬಿಡಿ, ಅವನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡರೂ ಅದೇ ಸದ್ದು. ಅಸಲಿ ಆಡಿಯೋ ಸಿಡಿಗಳೇ ಜಾಸ್ತಿ ಇದ್ದರೆ ಮುಂದೆ ಓದಿ.

ಹಂತ 2: ತಟ್ಟೆ ಚೆನ್ನಾಗಿದೆಯಾ ನೋಡಿ, ತೊಳೆಯಿರಿ

ಬಹಳ ಜನ ಹೊಳೆಯುವ ಬದಿಯನ್ನು ಮಗುವಿನ ಹಾಗೆ ಜೋಪಾನ ಮಾಡುತ್ತಾರೆ, ಹೆಸರು ಬರೆದಿರುವ ಬದಿಯನ್ನು ಮೇಜಿಗೆ ಉಜ್ಜುತ್ತಾರೆ. ಇದು ಪೂರ್ತಿ ಉಲ್ಟಾ. ತಟ್ಟೆ ಒಟ್ಟು 1.2 ಮಿಲಿಮೀಟರ್ ದಪ್ಪ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಪಾರದರ್ಶಕ ಪ್ಲಾಸ್ಟಿಕ್. ಸಂಗೀತ ಇರುವ ಗುಳಿಗಳು ಮತ್ತು ಅಲ್ಯುಮಿನಿಯಂ ಪದರ ಹೆಸರಿನ ಬದಿಗೆ ಅಂಟಿಕೊಂಡ ಹಾಗಿವೆ, ಅವುಗಳ ಮೇಲೆ ಇರುವುದು ತೆಳುವಾದ ಲ್ಯಾಕರ್ ಮತ್ತು ಮುದ್ರಣದ ಶಾಯಿ ಅಷ್ಟೆ. ಕೆಳಬದಿಯ ಗೀರನ್ನು ಪಾಲಿಷ್ ಮಾಡಿ ಸರಿಮಾಡಬಹುದು. ಮೇಲಿನ ಬದಿ ಕೆರೆದುಹೋದರೆ ಆ ಜಾಗದ ಹಾಡೇ ಇಲ್ಲ.

ಒಂದು ಪರೀಕ್ಷೆ ಮಾಡಿ. ತಟ್ಟೆಯನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು ಕೆಳಬದಿಯಿಂದ ನೋಡಿ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕಿಗಳು ಅಲ್ಲೊಂದು ಇಲ್ಲೊಂದು ಕಂಡರೆ ಚಿಂತೆ ಇಲ್ಲ. ಅಂಚಿನಿಂದ ಒಳಕ್ಕೆ ಕಂದು ಬಣ್ಣ ಹರಿದು ಬಂದಿದ್ದರೆ, ಅಥವಾ ಮುದ್ರಣ ಪೊರೆ ಎದ್ದಿದ್ದರೆ ಅದರ ಕಾಲ ಮುಗಿಯುತ್ತಾ ಬಂದಿದೆ, ಓಡುತ್ತಿರುವಾಗಲೇ ಕಾಪಿ ಮಾಡಿಕೊಳ್ಳಿ.

ಸಣ್ಣ ಗೀರಿಗೆ ಹೆದರುವುದು ಬೇಡ. ಸಿಡಿಯಲ್ಲಿ ತಪ್ಪು ತಿದ್ದುವ ಲೆಕ್ಕವೂ ಜೊತೆಗೇ ಬರೆದಿರುತ್ತದೆ, ಒಂದು ಹಾಡಿನ ಅಂಕಿಗಳನ್ನು ಒಂದೇ ಕಡೆ ಇಡದೆ ಚದುರಿಸಿಟ್ಟಿರುತ್ತದೆ. ಹಾಗಾಗಿ ಗುಳಿಗಳು ಸಾಲಾಗಿರುವ ಸುರುಳಿ ದಾರಿಯಲ್ಲಿ ಸುಮಾರು 2.5 ಮಿಲಿಮೀಟರ್ ಉದ್ದದಷ್ಟು ಓದಲು ಬಾರದಿದ್ದರೂ ಪ್ಲೇಯರ್ ಪೂರ್ತಿ ಮರಳಿ ಕಟ್ಟಿಕೊಳ್ಳುತ್ತದೆ. ಒಳಗಿನಿಂದ ಹೊರಕ್ಕೆ ಅಡ್ಡ ಬಿದ್ದ ಗೀರು ದಾರಿಯನ್ನು ಕ್ಷಣಮಾತ್ರ ದಾಟುತ್ತದೆ. ಸುರುಳಿಯ ಉದ್ದಕ್ಕೇ ಗುಂಡಗೆ ಬಿದ್ದ ಗೀರು ಒಂದೇ ದಾರಿಯನ್ನು ಬಹಳ ದೂರ ಹಾಳುಮಾಡುತ್ತದೆ. ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಗುಂಡಗೆ ಉಜ್ಜಬೇಡಿ ಅನ್ನುವುದು ಇದಕ್ಕೇ.

ಮಲೆನಾಡು, ಕರಾವಳಿ ಕಡೆಯವರಿಗೆ ಬೂಷ್ಟಿನ ಕಾಟ ಇದ್ದದ್ದೇ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದು ಹನಿ ಹಾಕಿ, ಬೆರಳ ತುದಿಯಿಂದ ಮೃದುವಾಗಿ ತೊಳೆದು, ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ. ಪಾತ್ರೆ ತಿಕ್ಕುವ ನಾರು, ಪುಡಿ ಯಾವುದೂ ಬೇಡ. ತೆಳು ಪ್ಲಾಸ್ಟಿಕ್ ಚೀಲಗಳಲ್ಲಿಟ್ಟ ಸಿಡಿಗಳು ಮಳೆಗಾಲದಲ್ಲಿ ಚೀಲಕ್ಕೆ ಅಂಟಿಕೊಳ್ಳುತ್ತವೆ, ಗಟ್ಟಿ ಪೆಟ್ಟಿಗೆಗೆ ವರ್ಗ ಮಾಡಿ, ಕಪಾಟಿನಲ್ಲಿ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಇಡಿ. ನುಸಿಗುಳಿಗೆ ಬೇಡ, ಪೆಟ್ಟಿಗೆಯ ಪ್ಲಾಸ್ಟಿಕ್‌ಗೆ ಅದು ಆಗಿಬರುವುದಿಲ್ಲ.

ಹಂತ 3: ಕೋಣೆ ಮತ್ತು ಕೂರುವ ಜಾಗ

ಅಂಗಡಿಗೆ ಹೋಗುವ ಮುಂಚೆ ಎಲ್ಲಿ ಕೂತು ಕೇಳುತ್ತೀರಿ ಅಂತ ನಿರ್ಧರಿಸಿ. ನಮ್ಮ ಮನೆಗಳಲ್ಲಿ ಈಗ ನೆಲಕ್ಕೆ ನಯವಾದ ಟೈಲ್ಸ್, ಗೋಡೆಗೆ ಪುಟ್ಟಿ ಮೆತ್ತಿ ಪೇಂಟ್, ಮೇಲೆ ಕಾಂಕ್ರೀಟ್, ಒಂದು ಕಡೆ ಅಗಲ ಗಾಜು. ನಡುವೆ ನಿಂತು ಒಮ್ಮೆ ಚಪ್ಪಾಳೆ ಹೊಡೆಯಿರಿ. ‘ಟಿಂಯ್’ ಅಂತ ಸದ್ದು ಉಳಿದುಕೊಂಡರೆ, ಆ ಕೋಣೆಯಲ್ಲಿ ಲಕ್ಷ ರೂಪಾಯಿಯ ಸ್ಪೀಕರೂ ಕಿರುಚುತ್ತದೆ. ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ, ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಬಂದರೆ ಅರ್ಧ ಕೆಲಸ ಆಯಿತು. ಇದಕ್ಕಿಂತ ಅಗ್ಗದ ಸುಧಾರಣೆ ಇಡೀ ಸೆಟ್‌ನಲ್ಲಿ ಇನ್ನೊಂದಿಲ್ಲ.

ಫ್ಲ್ಯಾಟ್‌ನಲ್ಲಿ ಗೋಡೆಯಾಚೆ ಮಗು ಮಲಗಿರುತ್ತದೆ, ನೀವು ಕೇಳುವುದು ರಾತ್ರಿ ಹತ್ತರ ಮೇಲೆ ಅಂತಾದರೆ ಸ್ಪೀಕರ್ ಬಿಟ್ಟು ಒಂದು ಒಳ್ಳೆ ಹೆಡ್‌ಫೋನ್ ತಗೊಳ್ಳಿ. ಅಷ್ಟೇ ದುಡ್ಡಿಗೆ ಸ್ಪೀಕರಿನಲ್ಲಿ ಅಷ್ಟು ಒಳ್ಳೆ ಸದ್ದು ಸಿಗುವುದಿಲ್ಲ.

ಹಂತ 4: ಸ್ಪೀಕರ್

ಇಲ್ಲಿ ಕೈ ಬಿಚ್ಚಿ. ಒಟ್ಟು 40 ಸಾವಿರ ಇಟ್ಟುಕೊಂಡಿದ್ದೀರಿ ಅನ್ನಿ, 20ರಿಂದ 24 ಸಾವಿರ ಸ್ಪೀಕರ್‌ಗೇ ಹೋಗಲಿ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ: ಆಡಿಯೋ ಸಿಡಿ ಎರಡೇ ಚಾನೆಲ್. ಹೋಂ ಥಿಯೇಟರ್ ಅಂತ ಐದು ಪುಟ್ಟ ಡಬ್ಬಿ, ಒಂದು ದೊಡ್ಡ ವೂಫರ್ (ಕೆಳಸ್ವರ ಹೊರಡಿಸುವ ಸ್ಪೀಕರ್) ಮಾರುತ್ತಾರಲ್ಲ, ಅದು ಸಿನಿಮಾದ ಗುಂಡಿನ ಸದ್ದಿಗೆ ಸರಿ. ಅದರ ಪುಟ್ಟ ಡಬ್ಬಿಗಳಿಗೆ ಗಂಡಸಿನ ದನಿಯ ಕೆಳಭಾಗವನ್ನು ಹೊರಡಿಸಲು ಆಗುವುದಿಲ್ಲ, ಅದನ್ನು ವೂಫರ್‌ಗೆ ದಾಟಿಸುತ್ತವೆ. ಮಲ್ಲಿಕಾರ್ಜುನ ಮನಸೂರರ ದನಿ ಅರ್ಧ ಷೋಕೇಸ್‌ನಿಂದ, ಅರ್ಧ ಸೋಫಾ ಪಕ್ಕದಿಂದ ಬಂದರೆ ಹೇಗೆ? ಎರಡು ಸ್ಪೀಕರ್, ಒಂದೊಂದರಲ್ಲೂ ಐದು ಅಥವಾ ಆರೂವರೆ ಇಂಚಿನ ವೂಫರ್, ಮೇಲಿನ ಸ್ವರಗಳಿಗೆ ಒಂದು ಪುಟ್ಟ ಟ್ವೀಟರ್. 10 ಅಡಿಗೆ 12 ಅಡಿಯ ಕೋಣೆಗೆ ಇಷ್ಟು ಸಾಕು. ನೆಲದ ಮೇಲೆ ನಿಲ್ಲುವ ಎತ್ತರದ ಸ್ಪೀಕರ್ ಸಣ್ಣ ಕೋಣೆಯಲ್ಲಿ ಗುಮ್ ಅನ್ನುತ್ತದೆ.

ಆಮೇಲೆ ಕಿವಿಯಿಂದ ಆರಿಸಿ. ಅಂಗಡಿಯವರು ತಮ್ಮ ಡೆಮೋ ಹಾಕುತ್ತಾರೆ, ಗಿಟಾರ್ ಟಿಂಗ್ ಟಿಂಗ್, ಡ್ರಮ್ ಧಂ ಧಂ, ಎಲ್ಲ ಸ್ಪೀಕರೂ ಚೆನ್ನಾಗಿಯೇ ಕೇಳುತ್ತವೆ. ನಿಮ್ಮ ಸಿಡಿ ಒಯ್ಯಿರಿ, ನಿಮಗೆ ಬಾಯಿಪಾಠ ಆಗಿರುವಂಥದ್ದು. ನಮ್ಮ ಸಂಗೀತದಲ್ಲಿ ಸ್ಪೀಕರಿನ ಗುಟ್ಟು ರಟ್ಟಾಗುವ ಜಾಗಗಳು ಕೆಲವಿವೆ. ತಂಬೂರಿಯ ನಾದ ಬೆನ್ನ ಹಿಂದೆ ಒಂದೇ ಸಮ ಹರಡಿಕೊಂಡಿರಬೇಕು, ಝುಯ್ ಅಂತ ಒಂದು ಸ್ವರ ಮಾತ್ರ ಎದ್ದು ಬಂದರೆ ಆ ಸ್ಪೀಕರ್ ಆ ಸ್ವರವನ್ನು ಮಾತ್ರ ಉಬ್ಬಿಸುತ್ತಿದೆ ಅಂತ. ಮೃದಂಗದ ಎಡಗಡೆಯ ತೊಪ್ಪಿ ಹೊಡೆತಕ್ಕೆ ಸ್ವರ ಇರಬೇಕು, ಬರೀ ಧಡ್ ಅಲ್ಲ. ತಬಲಾದ ಡಗ್ಗಾ ಮೇಲೆ ಅಂಗೈ ಜಾರಿಸಿದಾಗ ಸ್ವರ ಮೇಲಕ್ಕೆ ಏರುವುದು ಮೆಟ್ಟಿಲು ಬೀಳದೆ ಕೇಳಬೇಕು. ಭಾವಗೀತೆಯಲ್ಲಿ ‘ಸ’, ‘ಶ’ ಬರುವ ಸಾಲನ್ನು ಹಾಕಿ, ಸಿ. ಅಶ್ವಥ್ ದನಿ ಏರಿದಾಗ ಕಿವಿಗೆ ಚುಚ್ಚಿದರೆ ಬೇಡ. ದೊರೆಸ್ವಾಮಿ ಅಯ್ಯಂಗಾರರ ವೀಣೆಯಲ್ಲಿ ಒಂದು ಮೀಟು ಬಿದ್ದ ಮೇಲೆ ತಂತಿಯನ್ನು ಎಳೆದು ಹಿಡಿದ ಗಮಕ ಪೂರ್ತಿ ಆರುವವರೆಗೆ ಕೇಳುತ್ತಿರಬೇಕು. ಇಷ್ಟನ್ನು ಸಣ್ಣ ವಾಲ್ಯೂಮ್‌ನಲ್ಲಿ ಕೇಳಿ. ಜೋರಾಗಿ ಹಾಕಿದರೆ ಎಲ್ಲ ಚಂದವೇ.

ಸ್ಪೀಕರ್ ಹಿಂದಿನ ಚೀಟಿಯಲ್ಲಿ ಎರಡು ಅಂಕಿ ನೋಡಿ. ಓಮ್ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ) 6 ಅಥವಾ 8 ಇದ್ದರೆ ಸಾಮಾನ್ಯವಾಗಿ ಆಂಪ್ಲಿಫೈಯರ್‌ಗೆ ತೊಂದರೆ ಇಲ್ಲ, 4 ಇದ್ದರೆ ಆಂಪ್ 4 ಓಮ್‌ಗೆ ತಡೆಯುತ್ತದಾ ಕೇಳಿಕೊಳ್ಳಿ. ಇನ್ನೊಂದು ಸೆನ್ಸಿಟಿವಿಟಿ, ಅಂದರೆ ಒಂದು ವಾಟ್‌ಗೆ ಸ್ಪೀಕರ್ ಎಷ್ಟು ಸದ್ದು ಕೊಡುತ್ತದೆ ಅನ್ನುವುದು, 86, 88, 90 ಡೆಸಿಬೆಲ್ ಹೀಗೆ. ಮೂರು ಡೆಸಿಬೆಲ್ ಕಡಿಮೆಯಾದರೆ ಅಷ್ಟೇ ಸದ್ದಿಗೆ ಆಂಪ್ ದುಪ್ಪಟ್ಟು ಶಕ್ತಿ ಕೊಡಬೇಕು.

ಕೋಲ್ಕತ್ತದ ಸೋನೋಡೈನ್‌ನಂಥ ನಮ್ಮ ದೇಶದ ಕಂಪನಿಗಳ ಹಳೆ ಸ್ಪೀಕರ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಆಗಾಗ ಸಿಗುತ್ತವೆ, ಒಳ್ಳೆ ಬೆಲೆಗೆ ಬಂದರೆ ಬಿಡಬೇಡಿ. ಆದರೆ ವೂಫರ್ ಸುತ್ತ ಇರುವ ಅಂಚನ್ನು ಬೆರಳಿಂದ ಮೆಲ್ಲಗೆ ಮುಟ್ಟಿ ನೋಡಿ. ಫೋಮ್ ಅಂಚಾಗಿದ್ದರೆ ಹತ್ತು ಹದಿನೈದು ವರ್ಷದಲ್ಲಿ ಪುಡಿಪುಡಿಯಾಗಿ ಉದುರುತ್ತದೆ. ರಬ್ಬರ್ ಅಂಚು ಬಾಳಿಕೆ ಬರುತ್ತದೆ.

ಹಂತ 5: ಆಂಪ್ಲಿಫೈಯರ್

1990ರ ದಶಕದ ಟೂ-ಇನ್-ಒನ್ ಡಬ್ಬಗಳ ಮೇಲೆ 1000 ವಾಟ್ ಪಿಎಂಪಿಒ, 2000 ವಾಟ್ ಪಿಎಂಪಿಒ ಅಂತೆಲ್ಲ ಹೊಳೆಯುವ ಅಕ್ಷರದಲ್ಲಿ ಬರೆದಿರುತ್ತಿತ್ತು, ನೆನಪಿದೆಯಾ? ಕ್ಷಣಮಾತ್ರ ಚಿಮ್ಮುವ ಶಕ್ತಿಯ ಆ ಲೆಕ್ಕಕ್ಕೆ ಅರ್ಥವೇ ಇಲ್ಲ. ನೋಡಬೇಕಾದ್ದು ಆರ್‌ಎಂಎಸ್ ವಾಟ್, ಅಂದರೆ ಒಂದೇ ಸಮ ಕೊಡಬಲ್ಲ ಶಕ್ತಿ, ಅದೂ 8 ಓಮ್‌ಗೆ ಎಷ್ಟು ಅಂತ.

ಎಷ್ಟು ವಾಟ್ ಬೇಕು? ಲೆಕ್ಕ ಹಾಕೋಣ. 88 ಡೆಸಿಬೆಲ್‌ನ ಸ್ಪೀಕರ್‌ಗೆ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 88 ಡೆಸಿಬೆಲ್. ನೀವು ಕೂರುವುದು ಎರಡೂವರೆ ಮೀಟರ್ ದೂರ ಅಂದರೆ ಸುಮಾರು 8 ಕಳೆಯಿರಿ, ಎರಡು ಸ್ಪೀಕರ್ ಇರುವುದರಿಂದ 3 ಕೂಡಿಸಿ, 83 ಆಯಿತು. ಮನೆಯಲ್ಲಿ ನೆಮ್ಮದಿಯಾಗಿ ಕೇಳುವ ಸದ್ದು ಸರಾಸರಿ 75ರ ಆಸುಪಾಸು, ಅಂದರೆ ಒಂದು ವಾಟೂ ಬೇಡ. ಆದರೆ ಮೃದಂಗದ ತನಿ ಆವರ್ತನದಲ್ಲಿ ಮುಕ್ತಾಯ ಬಿದ್ದಾಗ ಸದ್ದು ಸರಾಸರಿಗಿಂತ 20 ಡೆಸಿಬೆಲ್ ಮೇಲೆ ನೆಗೆಯಬಹುದು. 95ಕ್ಕೆ ಹೋಗಲು ಸುಮಾರು 16 ವಾಟ್ ಬೇಕು. ಹಾಗಾಗಿ 30ರಿಂದ 50 ವಾಟ್ ಆರ್‌ಎಂಎಸ್ ಇರುವ ಸ್ಟೀರಿಯೋ ಆಂಪ್ ಧಾರಾಳ ಸಾಕು. 100 ವಾಟ್ ಇದ್ದರೆ ಬೇಡ ಅನ್ನುವುದಿಲ್ಲ, ಅದಕ್ಕಾಗಿ ಸ್ಪೀಕರಿನ ದುಡ್ಡು ಕತ್ತರಿಸಬೇಡಿ ಅಷ್ಟೆ.

ಹೊಸದು ಕೊಳ್ಳುವವರು ಹಿಂದೆ ಡಿಜಿಟಲ್ ಇನ್‌ಪುಟ್ ಇರುವ ಆಂಪ್ ನೋಡಿ, ಆಪ್ಟಿಕಲ್ (ಅಂಕಿಗಳು ಬೆಳಕಾಗಿ ಬರುವುದು) ಅಥವಾ ಕೋಆಕ್ಸಿಯಲ್ (ಲೋಹದ ವೈರಿನಲ್ಲಿ ಬರುವುದು). ಯಮಹಾ ಎ-ಎಸ್301, ಡೆನಾನ್ ಪಿಎಂಎ-600ಎನ್‌ಇ ಇಂಥವು. ಇದರಿಂದ ಏನು ಲಾಭ ಅಂದರೆ, ಅಂಕಿಯನ್ನು ಸದ್ದಿನ ಕರೆಂಟಾಗಿ ಮಾಡುವ ಚಿಪ್ ಆಂಪಿನೊಳಗೇ ಇರುತ್ತದೆ, ಪ್ಲೇಯರ್ ಬರೀ ತಟ್ಟೆ ಓದಿ ಅಂಕಿ ಕಳಿಸಿದರೆ ಸಾಕು. ಆಗ ಪ್ಲೇಯರ್ ಎಂಥದ್ದಾದರೂ ನಡೆಯುತ್ತದೆ.

ಮನೆಯಲ್ಲಿ ಅಪ್ಪನ ಕಾಲದ ಕ್ಯಾಸೆಟ್ ಡೆಕ್ ಜೊತೆಗಿನ ಆಂಪ್ ಇದ್ದರೆ ಅದೂ ಆಗುತ್ತದೆ. ಆಕ್ಸ್, ಟ್ಯೂನರ್, ಟೇಪ್ ಅಂತ ಬರೆದಿರುವ ಯಾವ ತೂತಿಗೆ ಬೇಕಾದರೂ ಸಿಡಿ ಪ್ಲೇಯರ್ ಸಿಕ್ಕಿಸಿ. ಫೋನೋ ಅಂತ ಬರೆದಿರುವುದಕ್ಕೆ ಮಾತ್ರ ಬೇಡ. ಅದು ರೆಕಾರ್ಡ್ ಪ್ಲೇಯರಿನ ಕೆಲವೇ ಮಿಲಿವೋಲ್ಟ್‌ಗೆ ಮಾಡಿದ್ದು, ಸಿಡಿ ಪ್ಲೇಯರ್ ಕೊಡುವುದು ಎರಡು ವೋಲ್ಟ್‌ವರೆಗೆ. ಸದ್ದು ಒಡೆದು ಕಿರುಚುತ್ತದೆ.

ಇಷ್ಟೆಲ್ಲ ಡಬ್ಬ, ವೈರು ಬೇಡಪ್ಪ ಅನ್ನುವವರಿಗೆ ಎರಡು ದಾರಿ. ಒಂದು, ಆಂಪ್ ಒಳಗೇ ಇರುವ ಪವರ್ಡ್ ಸ್ಪೀಕರ್. ಎಡಿಫೈಯರ್ ಆರ್1280ಡಿಬಿ ಅಂಥದ್ದರಲ್ಲಿ ಆಪ್ಟಿಕಲ್, ಕೋಆಕ್ಸಿಯಲ್, ಮಾಮೂಲಿ ಕೆಂಪು-ಬಿಳಿ ಇನ್‌ಪುಟ್ ಮೂರೂ ಇವೆ, ಮನೆಯ ಹಳೆ ಡಿವಿಡಿ ಪ್ಲೇಯರ್ ಸಿಕ್ಕಿಸಿದರೆ ಸೆಟ್ ಮುಗಿಯಿತು. ಬಾಡಿಗೆ ಮನೆಯವರಿಗೆ, ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇದನ್ನೇ. ಇನ್ನೊಂದು ಡೆನಾನ್ ಆರ್‌ಸಿಡಿ-ಎಂ41 ತರಹದ ಪುಟ್ಟ ಸಿಡಿ ರಿಸೀವರ್, ಅದರಲ್ಲಿ ಪ್ಲೇಯರೂ 30 ವಾಟ್‌ನ ಆಂಪೂ ಒಂದೇ ಡಬ್ಬದಲ್ಲಿ. ಚೆನ್ನಾಗಿರುತ್ತದೆ, ಆದರೆ ಟ್ರೇ ಕೆಟ್ಟರೆ ಇಡೀ ಡಬ್ಬ ರಿಪೇರಿಗೆ ಹೋಗಬೇಕು.

ಹಂತ 6: ಕೊನೆಗೂ ಪ್ಲೇಯರ್

ಮನೆಯಲ್ಲಿ ಓಡುವ ಡಿವಿಡಿ ಅಥವಾ ಬ್ಲೂ-ರೇ ಪ್ಲೇಯರ್ ಇದ್ದರೆ ಮೊದಲು ಅದನ್ನೇ ಬಳಸಿ. ಆಡಿಯೋ ಸಿಡಿ, ಎಂಪಿ3, ವಿಸಿಡಿ ಮೂರಕ್ಕೂ ಆಗುತ್ತದೆ. ಹಿಂದೆ ಕೋಆಕ್ಸಿಯಲ್ ತೂತು ಇದ್ದರೆ, ಹೆಚ್ಚಾಗಿ ಕಿತ್ತಳೆ ಬಣ್ಣದ್ದು, ಅದರಿಂದ ಆಂಪಿಗೆ ಒಂದು ವೈರ್ ಎಳೆಯಿರಿ, ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ ಪಿಸಿಎಂ ಅಂತ ಇಡಿ. ತೊಂದರೆ ಎರಡು. ಮುಂದೆ ಸರಿಯಾದ ಡಿಸ್‌ಪ್ಲೇ ಇರುವುದಿಲ್ಲ, ಎಂಪಿ3 ಸಿಡಿಯಲ್ಲಿ ಹಾಡು ಹುಡುಕಲು ಟಿವಿ ಹಾಕಬೇಕು. ಎರಡನೆಯದು, ಹಾಡಿಂದ ಹಾಡಿಗೆ ಹೋಗುವಾಗ ಕೆಲವು ಮಾಡೆಲ್‌ಗಳು ಕ್ಷಣಕಾಲ ಸದ್ದು ನಿಲ್ಲಿಸುತ್ತವೆ. ಸಿನಿಮಾ ಹಾಡಿಗೆ ಗೊತ್ತೇ ಆಗುವುದಿಲ್ಲ. ಆದರೆ ಒಂದೇ ರಾಗವನ್ನು ಆಲಾಪ, ವಿಲಂಬಿತ, ದ್ರುತ್ ಅಂತ ಮೂರು ಟ್ರ್ಯಾಕ್ ಮಾಡಿರುವ ಸಿಡಿಯಲ್ಲಿ, ತಂಬೂರಿ ನಡುವೆ ಕಚಕ್ ಅಂತ ಕತ್ತರಿಸಿದ ಹಾಗೆ ಆಗುತ್ತದೆ. ನನಗಂತೂ ತಡೆಯಲು ಆಗದು. ಶಾಸ್ತ್ರೀಯ ಸಂಗೀತ ಕೇಳುವವರು ಇದೊಂದಕ್ಕಾಗಿಯೇ ನಿಜವಾದ ಸಿಡಿ ಪ್ಲೇಯರ್ ತಗೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಹೊಸ ಪ್ಲೇಯರ್‌ಗಳು ಈಗಲೂ ತಯಾರಾಗುತ್ತಿವೆ. ಯಮಹಾ ಸಿಡಿ-ಎಸ್303, ಡೆನಾನ್ ಡಿಸಿಡಿ-600ಎನ್‌ಇ, ಮರಾಂಟ್ಜ್ ಸಿಡಿ6007. ಇವು ಎಂಪಿ3 ಸಿಡಿಗಳನ್ನೂ ಓದುತ್ತವೆ. ಇವುಗಳ ನಡುವೆ ಸದ್ದಿನಲ್ಲಿ ಭಾರಿ ವ್ಯತ್ಯಾಸ ಹುಡುಕುತ್ತಾ ತಲೆಕೆಡಿಸಿಕೊಳ್ಳಬೇಡಿ. ನಿಮ್ಮ ಊರಲ್ಲಿ ಯಾವುದಕ್ಕೆ ಸರ್ವಿಸ್ ಸಿಗುತ್ತದೆ ಅಂತ ಕೇಳಿ, ಅದನ್ನು ತಗೊಳ್ಳಿ. ಹೆಡ್‌ಫೋನ್‌ನಲ್ಲೇ ಕೇಳುವವರಿಗೆ ಕೈಯಲ್ಲಿ ಹಿಡಿಯುವ ಪ್ಲೇಯರ್‌ಗಳೂ ಮತ್ತೆ ಬಂದಿವೆ, ಫಿಯೋ ಕಂಪನಿಯ ಡಿಎಂ13 ಒಂದು ಉದಾಹರಣೆ.

ಅಮೆರಿಕದಿಂದಲೋ ಜಪಾನಿನಿಂದಲೋ ಹಳೆ ಪ್ಲೇಯರ್ ತರುವ ಯೋಚನೆ ಇದ್ದರೆ ಹಿಂದಿನ ಚೀಟಿ ಓದಿ. ಅಮೆರಿಕದಲ್ಲಿ 120 ವೋಲ್ಟ್, ಜಪಾನಿನಲ್ಲಿ 100, ನಮ್ಮಲ್ಲಿ 230. ನೇರ ಸಿಕ್ಕಿಸಿದರೆ ಹೊಗೆ ಬರುತ್ತದೆ. ಸಿಡಿ ಪ್ಲೇಯರ್ ಕರೆಂಟು ತಿನ್ನುವುದು ಕಡಿಮೆ, ಸಾಮಾನ್ಯವಾಗಿ ವೋಲ್ಟ್ ಇಳಿಸುವ 100 ವಿಎ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸಾಕು. ಅಮೆರಿಕದ ಕರೆಂಟು 60 ಹರ್ಟ್ಜ್, ನಮ್ಮದು 50, ಅದರಿಂದ ಹಾಡು ನಿಧಾನ ಆಗುತ್ತದಾ ಅಂತ ಕೇಳುತ್ತಾರೆ. ಇಲ್ಲ, ತಿರುಗುವ ವೇಗವನ್ನು ಒಳಗಿನ ಕ್ರಿಸ್ಟಲ್ ಹಿಡಿದಿಡುತ್ತದೆ. ಡಿವಿಡಿಗಿರುವ ಹಾಗೆ ದೇಶವಾರು ಬೀಗವೂ ಆಡಿಯೋ ಸಿಡಿಗೆ ಇಲ್ಲ. ಅಣ್ಣನ ಮಗ ಲಂಡನ್‌ನಿಂದ ತಂದ ಸಿಡಿ ಹುಬ್ಬಳ್ಳಿಯಲ್ಲಿ ಓಡುತ್ತದೆ.

ಹಂತ 7: ಸೆಕೆಂಡ್ ಹ್ಯಾಂಡ್ ಪ್ಲೇಯರ್ ಪರೀಕ್ಷೆ

ಹಳೆ ಪ್ಲೇಯರ್ ತಗೊಳ್ಳಲು ಹೋಗುವಾಗ ಮೂರು ಸಿಡಿ ಒಯ್ಯಿರಿ: 70 ನಿಮಿಷ ದಾಟುವ ಅಸಲಿ ಸಿಡಿ, ಒಂದು ಸಿಡಿ-ಆರ್, ತುಸು ಗೀರು ಬಿದ್ದ ಇನ್ನೊಂದು.

ಟ್ರೇ ತೆಗೆದು ಮುಚ್ಚಿ, ಹತ್ತು ಸಲ. ತಡವರಿಸಿದರೆ ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿದೆ. ಅದು ಚಿಲ್ಲರೆ ಖರ್ಚಿನ ಕೆಲಸ, ಬೆಲೆ ಇಳಿಸಲು ಒಳ್ಳೆ ನೆಪ. ಸಿಡಿ ಹಾಕಿದ ಮೇಲೆ ಒಟ್ಟು ಹಾಡು, ಒಟ್ಟು ಸಮಯ ತೋರಿಸಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಕೆಲವೇ ಸೆಕೆಂಡಿನಲ್ಲಿ ಬರಬೇಕು, ತಿರುಗಿ ನಿಂತು ಮತ್ತೆ ತಿರುಗಿದರೆ ಲೇಸರ್ ಸೋತಿದೆ ಅಥವಾ ಲೆನ್ಸ್ ಕೊಳೆಯಾಗಿದೆ. ಆಮೇಲೆ ನೇರ ಕೊನೆಯ ಹಾಡಿಗೆ ಹೋಗಿ. ಸಿಡಿ ಓದುವುದು ಒಳಗಿನಿಂದ ಹೊರಕ್ಕೆ, ಶುರುವಿನಲ್ಲಿ ನಿಮಿಷಕ್ಕೆ ಸುಮಾರು 500 ಸುತ್ತು, ಕೊನೆಗೆ 200. ಉದ್ದದ ಸಿಡಿಯ ಕೊನೆ ಹಾಡು ಅಂಚಿನ ಹತ್ತಿರ ಇರುತ್ತದೆ, ತಟ್ಟೆ ಸ್ವಲ್ಪ ಓಲಾಡಿದರೂ ಅಲ್ಲೇ ಎಗರುವುದು. ಮೊದಲ ಹಾಡು ಕೇಳಿಸಿ ದುಡ್ಡು ಕೇಳುವವರನ್ನು ನಂಬಬೇಡಿ. ಸಿಡಿ-ಆರ್ ಬೆಳಕನ್ನು ಕಡಿಮೆ ಹಿಂದಿರುಗಿಸುತ್ತದೆ, ದಣಿದ ಲೇಸರ್ ಮೊದಲು ಕೈಕೊಡುವುದು ಅದಕ್ಕೆ. ಆದರೆ 1980ರ ದಶಕದ ಪ್ಲೇಯರ್ ಆದರೆ ಸಿಡಿ-ಆರ್ ಓದದಿದ್ದರೂ ಅದು ದೋಷ ಅಂತಲೇ ಹೇಳಲಾಗದು.

ಹಳೆ ಡಿವಿಡಿ ಪ್ಲೇಯರ್ ಆದರೆ ಡಿವಿಡಿ ಓಡಿಸಿ ತೋರಿಸಿದರೆ ಸಾಲದು. ಡಿವಿಡಿಗೆ 650 ನ್ಯಾನೋಮೀಟರಿನ ಲೇಸರ್, ಸಿಡಿಗೆ 780ರದ್ದು. ಒಂದು ಬದುಕಿದ್ದು ಇನ್ನೊಂದು ಸತ್ತಿರಬಹುದು.

ರಿಮೋಟ್ ಇದೆಯಾ ಕೇಳಿ. ಹಾಡಿನ ನಂಬರ್ ಒತ್ತುವುದು, ರಿಪೀಟ್ ಇಂಥವು ಎಷ್ಟೋ ಪ್ಲೇಯರ್‌ಗಳಲ್ಲಿ ರಿಮೋಟ್‌ನಲ್ಲಿ ಮಾತ್ರ. ತಲೆಕೆಳಗೆ ಮಾಡಿ ಅಡಿಯನ್ನೂ ನೋಡಿ, ಕೆಲವು ಹಳೆ ಮಾಡೆಲ್‌ಗಳಲ್ಲಿ ಸಾಗಿಸುವಾಗ ಲೇಸರನ್ನು ಕಟ್ಟಿಹಾಕುವ ಸ್ಕ್ರೂ ಇರುತ್ತದೆ. ಮನೆಗೆ ತಂದು ಅದನ್ನು ಬಿಡಿಸದೆ ಹಾಕಿದರೆ ಓಡುವುದಿಲ್ಲ.

ಹಂತ 8: ಜೋಡಿಸುವುದು, ಇಡುವುದು

ಸ್ಪೀಕರಿನ ವೈರ್‌ಗೆ ಸಾವಿರಾರು ರೂಪಾಯಿ ಸುರಿಯಬೇಡಿ. ಎಲೆಕ್ಟ್ರಿಕಲ್ ಅಂಗಡಿಯ 1.5 ಅಥವಾ 2.5 ಸ್ಕ್ವೇರ್ ಎಂಎಂ ತಾಮ್ರದ ಎಳೆಎಳೆಯ ವೈರ್ ಮನೆಯ ದೂರಗಳಿಗೆ ಯಥೇಚ್ಛ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಎಳೆಯೂ ಪಕ್ಕದ ತಿರುಪಿಗೆ ತಾಗದಿರಲಿ. ಒಂದು ಸ್ಪೀಕರಿನ ಕೆಂಪು-ಕಪ್ಪು ತಿರುವುಮುರುವಾದರೆ ಏನೂ ಸುಡುವುದಿಲ್ಲ, ಕೆಳಸ್ವರ ಮಾಯವಾಗಿ ದನಿ ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯುವುದಿಲ್ಲ. ಇದನ್ನು ಪತ್ತೆ ಮಾಡಲು 78 ಆರ್‌ಪಿಎಂ ರೆಕಾರ್ಡಿನಿಂದ ಇಳಿಸಿದ ಹಳೆಯ ಗಾಯನದ ಸಿಡಿ ಹಾಕಿ. ಆ ಕಾಲದ ಧ್ವನಿಮುದ್ರಣ ಮಾನೋ. ಗಾಯಕ ಎರಡು ಸ್ಪೀಕರ್‌ಗಳ ನಟ್ಟನಡುವೆ ಕೂತು ಹಾಡಿದ ಹಾಗೆ ಕೇಳಬೇಕು.

ಸ್ಪೀಕರ್‌ಗಳನ್ನು ಷೋಕೇಸ್ ಒಳಗೆ, ಗಣಪತಿ ಮೂರ್ತಿ ಮತ್ತು ಮಕ್ಕಳ ಕಪ್ಪುಗಳ ನಡುವೆ ತುರುಕಬೇಡಿ. ಗೋಡೆಯಿಂದ ಒಂದು ಅಡಿಯಾದರೂ ಮುಂದೆ, ಮೂಲೆಯಿಂದ ಎರಡು ಅಡಿ ದೂರ. ಎರಡು ಸ್ಪೀಕರ್ ಮತ್ತು ನೀವು ಸಮತ್ರಿಕೋನ ಆಗಬೇಕು. ಟ್ವೀಟರ್ ಕಿವಿಯ ಎತ್ತರಕ್ಕೆ ಬರಲಿ. ಅಂಗಡಿಯ ಸ್ಟ್ಯಾಂಡ್‌ಗಳನ್ನು ಕುರ್ಚಿಯ ಲೆಕ್ಕದಲ್ಲಿ ಮಾಡಿರುತ್ತಾರೆ. ನೀವು ಚಾಪೆ ಹಾಸಿ ನೆಲದ ಮೇಲೆ ಕೂರುವವರಾದರೆ ಅದು ಎತ್ತರವಾಯಿತು. ಮನೆ ಕಟ್ಟುವಾಗ ಉಳಿದ ಕಡಪ ಕಲ್ಲಿನ ತುಂಡನ್ನು ಇಟ್ಟಿಗೆಗಳ ಮೇಲಿಟ್ಟು, ಅದರ ಮೇಲೆ ರಬ್ಬರ್ ಮ್ಯಾಟಿನ ಚೂರು ಹಾಕಿದರೆ ಒಳ್ಳೆ ಗಟ್ಟಿ ಸ್ಟ್ಯಾಂಡ್, ಕಾಸಿನ ಖರ್ಚಿಲ್ಲ.

ಕರೆಂಟಿನ ವಿಷಯ. ಪ್ಲೇಯರ್, ಆಂಪ್ ಎರಡನ್ನೂ ಒಂದೇ ಗೋಡೆಯ ಪ್ಲಗ್ ಪಾಯಿಂಟಿನಿಂದ ತಗೊಳ್ಳಿ, ಬೇರೆ ಬೇರೆ ಕಡೆಯಿಂದ ತಗೊಂಡರೆ ಗುಂಯ್ ಅನ್ನುವ ಸದ್ದು ಬರುವುದುಂಟು. ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ, ಗುಂಯ್ ನಿಲ್ಲಲಿ ಅಂತ ಮೂರನೇ ಪಿನ್ ಮುರಿಯುವ ಸಾಹಸ ಬೇಡ. ಕರೆಂಟು ಹೋದಾಗ ಮಾತ್ರ ಗುಂಯ್ ಅಂದರೆ ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು. ಪ್ಯೂರ್ ಸೈನ್ ವೇವ್ ಇನ್ವರ್ಟರ್‌ನಲ್ಲಿ ಈ ಕಿರಿಕಿರಿ ಇಲ್ಲ. ಹಳ್ಳಿಯ ಕಡೆ ವೋಲ್ಟೇಜ್ ಏರಿಳಿಯುವಲ್ಲಿ ಸ್ಟೆಬಿಲೈಸರ್ ಇಡಿ, ಗುಡುಗು ಶುರುವಾದರೆ ಪ್ಲಗ್ ಕಿತ್ತುಬಿಡಿ.

ಹಂತ 9: ಕೆಟ್ಟಾಗ

ಸಿಡಿ ಎಗರಿದರೆ ಮೊದಲು ತಟ್ಟೆ ತೊಳೆಯಿರಿ, ಆಮೇಲೆ ಬೇರೆ ತಟ್ಟೆ ಹಾಕಿ ನೋಡಿ. ಎಲ್ಲವೂ ಎಗರಿದರೆ ಲೆನ್ಸ್ ಒರೆಸಬೇಕು. ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿ. ಲೆನ್ಸ್ ಅಂದರೆ ಮಸೂರಬೇಳೆ ಗಾತ್ರದ ನೀಲಿ ಛಾಯೆಯ ಮಣಿ, ತೆಳು ಸ್ಪ್ರಿಂಗ್ ಮೇಲೆ ತೇಲುತ್ತಿರುತ್ತದೆ. ಇಯರ್‌ಬಡ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತುಸುವೇ ಹಚ್ಚಿ, ಭಾರ ಹಾಕದೆ ಒಂದು ಸುತ್ತು, ಇನ್ನೊಂದು ಒಣಗಿದ ಬಡ್‌ನಿಂದ ಇನ್ನೊಂದು ಸುತ್ತು. ಮುಚ್ಚಳ ತೆಗೆದು ಕರೆಂಟ್ ಹಾಕಿ ಲೆನ್ಸ್‌ಗೆ ಇಣುಕಬೇಡಿ, ಆ ಲೇಸರ್ ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ, ಅದಕ್ಕೇ ಅಪಾಯ. ಆಂಪಿನ ಗಾಳಿಕಿಂಡಿಗಳನ್ನೂ ಆಗಾಗ ನೋಡುತ್ತಿರಿ. ಬೆಚ್ಚಗಿನ ಜಾಗ ಅಂದರೆ ಹಲ್ಲಿಗೂ ಇರುವೆಗೂ ಇಷ್ಟ.

ಒರೆಸಿಯೂ ಓದದಿದ್ದರೆ ಲೇಸರ್ ಬದಲಿಸಬೇಕು. ಹಾಗಾಗಿ ಪ್ಲೇಯರ್ ಚೆನ್ನಾಗಿರುವಾಗಲೇ ಒಳಗಿನ ಲೇಸರ್ ಜೋಡಣೆಯ ನಂಬರ್ ಬರೆದಿಟ್ಟುಕೊಳ್ಳಿ. ಸೋನಿ ಕೆಎಸ್‌ಎಸ್-213, ಸ್ಯಾನ್ಯೋ ಎಸ್‌ಎಫ್-ಪಿ101ಎನ್ ಇಂಥ ನಂಬರ್‌ಗಳು ಹತ್ತಾರು ಕಂಪನಿಯ ಪ್ಲೇಯರ್‌ಗಳಲ್ಲಿ ಬಳಕೆಯಾಗಿವೆ, ಬದಲಿ ಭಾಗ ಆನ್‌ಲೈನ್‌ನಲ್ಲೂ ಸಿಗುತ್ತದೆ, ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ವಿಚಾರಿಸಿದರೂ ಸಿಗಬಹುದು. ತಂದ ಹೊಸ ಲೇಸರಿನ ಬೋರ್ಡ್ ಮೇಲೆ ಕೆಲವೊಮ್ಮೆ ಒಂದು ಬೊಟ್ಟು ಸೀಸದ ಬೆಸುಗೆ ಹಾಕಿರುತ್ತಾರೆ, ಸಾಗಿಸುವಾಗ ಸ್ಥಿರವಿದ್ಯುತ್ ತಾಗದಿರಲಿ ಅಂತ. ಹಾಕಿದ ಮೇಲೆ ಅದನ್ನು ಬಿಡಿಸಲು ಮೆಕ್ಯಾನಿಕ್‌ಗೆ ನೆನಪಿಸಿ, ಇಲ್ಲದಿದ್ದರೆ ಹೊಸ ಲೇಸರೂ ಡಿಸ್ಕ್ ಇಲ್ಲ ಅಂತಲೇ ಹೇಳುತ್ತದೆ.